ನಡುವೆ ಕೂತಿರುವುದು ಯಾರು?

(ಮಾತಾಡುವವರು ಇಬ್ಬರು ಹೆಂಗಸರು. ಒಬ್ಬರಿಗೆ ವಯಸ್ಸಾಗಿದೆ, ಅವರ ಸತ್ಯವೇದದ ಅಂಚುಗಳಲ್ಲಿ ಪೆನ್ಸಿಲ್ ಗುರುತು ಬೀಳದ ಜಾಗ ಕಡಿಮೆ. ಇನ್ನೊಬ್ಬಳು ಕೆಲಸಕ್ಕೆ ಹೋಗುವವಳು, ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದುವವಳು. ಇಬ್ಬರೂ ಒಂದೇ ಸಭೆಯವರು. ಹೆಸರುಗಳು ಈ ಮಾತಿಗೆ ಬೇಕಿಲ್ಲ.)

— ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತಿದೆವಲ್ಲ, ನನಗೆ ಬಂದದ್ದು ಯೆರೆಮೀಯ 29:11. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

— ಒಳ್ಳೆಯ ವಾಕ್ಯ. ಅದರ ಹಿಂದಿನ ಹತ್ತನೇ ವಾಕ್ಯ ಓದಿದ್ದೀಯಾ?

— ಚೀಟಿಯಲ್ಲಿ ಇದ್ದದ್ದು ಒಂದೇ ವಾಕ್ಯ ಅಕ್ಕ.

— ಅದಕ್ಕೇ ಕೇಳಿದೆ. ಅದು ಒಂದು ಕಾಗದದ ನಡುವಿನ ಮಾತು. ಕ್ರಿ.ಪೂ. 597ರಲ್ಲಿ ಬಾಬೆಲಿನವರು ಅರಸ ಯೆಕೊನ್ಯನನ್ನೂ ಅರಮನೆಯವರನ್ನೂ ಕಮ್ಮಾರರು ಮುಂತಾದ ಕೆಲಸಗಾರರನ್ನೂ ಹಿಡಿದುಕೊಂಡು ಹೋದರು. ಹಾಗೆ ಹೋದವರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದ ಕಾಗದ ಅದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಇನ್ನೆರಡೇ ವರ್ಷ, ಎಲ್ಲರೂ ಊರಿಗೆ ವಾಪಸ್ ಬರುತ್ತಾರೆ ಎಂದು ಸಾರಿದ್ದ. ಜನ ಕೇಳಬಯಸಿದ್ದೂ ಅದನ್ನೇ. ಯೆರೆಮೀಯ ಬರೆದದ್ದು ಎಪ್ಪತ್ತು ವರ್ಷ ಅಂತ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯಾಗಿ ಒಯ್ದ ಆ ಊರಿಗಾಗಿಯೇ ಪ್ರಾರ್ಥನೆ ಮಾಡಿ ಅಂತ. ನಿನ್ನ ಚೀಟಿಯ ವಾಕ್ಯ ಇದೆಲ್ಲ ಆದ ಮೇಲೆ ಬರುತ್ತದೆ. ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿನ ಮುಖ ಮತ್ತೆ ನೋಡಿರಲಾರರು.

— ಹಾಗಾದರೆ ಅದು ನನಗೆ ಹೇಳಿದ ಮಾತೇ ಅಲ್ಲ ಅನ್ನುತ್ತೀರಾ? ಬಡ್ತಿ ಪರೀಕ್ಷೆ ಬರೆಯುವ ವರ್ಷ. ಆ ಚೀಟಿ ಬಂದಾಗ ಎಷ್ಟು ಧೈರ್ಯ ಬಂತು ಗೊತ್ತಾ.

— ನಿನಗೂ ಹೇಳಿದ್ದೇ. ಆದರೆ ತಟ್ಟೆಯಿಂದ ನೇರ ನಿನ್ನ ಕೈಗೆ ಬಂದದ್ದಲ್ಲ. ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ, ದೇವರ ವಾಗ್ದಾನಗಳು ಎಷ್ಟಿದ್ದರೂ ಅವಕ್ಕೆಲ್ಲ 'ಹೌದು' ಸಿಕ್ಕಿರುವುದು ಕ್ರಿಸ್ತನಲ್ಲಿ ಎನ್ನುತ್ತಾನೆ. ಇಸ್ರಾಯೇಲಿಗೆ ಕೊಟ್ಟ ಮಾತು ನಮ್ಮೂರಿನ ಹೆಂಗಸಿನವರೆಗೆ ಬರಬೇಕಾದರೆ ಆತನ ಮೂಲಕವೇ ಬರಬೇಕು. ಹಾಗೆ ಬರುವಾಗ ಅದು ಬಡ್ತಿಯ ಗ್ಯಾರಂಟಿಯಾಗಿ ಉಳಿಯುವುದಿಲ್ಲ. ತಂದೆಯ ಯೋಚನೆ ಒಳ್ಳೆಯದೇ ಎಂದು ಆತನೂ ನಂಬಿದ್ದ. ನಂಬಿಕೊಂಡೇ ಗೆತ್ಸೇಮನೆಗೆ ಹೋದ.

— ಚೀಟಿ ಎತ್ತುವುದೇ ತಪ್ಪು ಅಂತ ನಮ್ಮ ಯುವಕರ ಕೂಟದಲ್ಲಿ ಒಬ್ಬರು ಗುಡುಗಿದರು.

— ನಾನು ಅಷ್ಟು ಗುಡುಗುವವಳಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯವರು 1731ರಿಂದ ಪ್ರತಿ ವರ್ಷ ದಿನವಾಕ್ಯಗಳ ಪುಸ್ತಕ ಅಚ್ಚುಹಾಕುತ್ತಿದ್ದಾರೆ. ಹಳೇ ಒಡಂಬಡಿಕೆಯ ವಾಕ್ಯವನ್ನು ಚೀಟಿ ಎತ್ತಿ ಆರಿಸುತ್ತಾರೆ. ಆದರೆ ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಕೂತು ಯೋಚಿಸಿ ಆರಿಸಿ ಪಕ್ಕದಲ್ಲಿ ಇಡುತ್ತಾರೆ. ನಮ್ಮ ಚೀಟಿಗಳಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ. ಡೀಟ್ರಿಖ್ ಬಾನ್‌ಹೋಫರ್ ಹೆಸರು ಕೇಳಿದ್ದೀಯಲ್ಲ?

— ಹಿಟ್ಲರನನ್ನು ಎದುರಿಸಿದ ಪಾದ್ರಿ.

— ಅವನು ಆ ದಿನವಾಕ್ಯಗಳನ್ನು ಬಿಡದೆ ಓದುತ್ತಿದ್ದವನು. 1939ರ ಜೂನಿನಲ್ಲಿ ಗೆಳೆಯರು ಅವನನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಯುದ್ಧ ಬರುತ್ತದೆ, ಇಲ್ಲೇ ಕ್ಷೇಮವಾಗಿರು ಅಂತ. ಅಲ್ಲಿ ಒಂದು ದಿನ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಭಾಗ ಅವನ ಕಣ್ಣಿಗೆ ಬಿತ್ತು. ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲ ಸೆರೆಮನೆಯಿಂದ ಶಿಷ್ಯನನ್ನು ಕರೆಯುವ ಮಾತು. ಬಾನ್‌ಹೋಫರ್ ದಿನಚರಿಯಲ್ಲಿ ಬರೆದುಕೊಂಡ, ಇದನ್ನು ನನಗೇ ಹೇಳಿದ್ದು ಅಂದುಕೊಂಡರೆ ವೇದವನ್ನು ದುರುಪಯೋಗ ಮಾಡಿದಂತಾಗದು ಅಂತ. ಜುಲೈಯಲ್ಲಿ ಹಡಗು ಹತ್ತಿ ಜರ್ಮನಿಗೆ ವಾಪಸ್ ಹೋದ. 1945ರ ಏಪ್ರಿಲ್ 9ರಂದು ಅವನನ್ನು ನೇಣಿಗೆ ಹಾಕಿದರು.

— ಅವನೂ ಒಂದು ಸಾಲನ್ನು ಸಂದರ್ಭದಿಂದ ಕಿತ್ತು ತನಗೆ ಅಂದುಕೊಂಡನಲ್ಲ! ನಾನು ಮಾಡಿದರೆ ಹತ್ತನೇ ವಾಕ್ಯ ಕೇಳುತ್ತೀರಿ.

— ಕೇಳಬೇಕಾದ ಪ್ರಶ್ನೆಯೇ. ವ್ಯತ್ಯಾಸ ಇರುವುದು ಆ ಸಾಲು ಅವನನ್ನು ಎಲ್ಲಿಗೆ ಕರೆದೊಯ್ಯಿತು ಎಂಬುದರಲ್ಲಿ. ಕ್ಷೇಮದಿಂದ ಎಬ್ಬಿಸಿ, ಕಷ್ಟದಲ್ಲಿರುವ ತನ್ನ ಜನರ ಕಡೆಗೆ. ಕ್ರಿಸ್ತ ನಡೆದದ್ದೂ ಅದೇ ದಿಕ್ಕಿನಲ್ಲಿ. ನಾವು ಆರಿಸಿ ಫ್ರಿಜ್ಜಿಗೆ ಅಂಟಿಸುವ ವಾಕ್ಯಗಳು ಯಾವ ದಿಕ್ಕಿಗೆ ತೋರಿಸುತ್ತವೆ ನೋಡು. ಶತ್ರುಗಳನ್ನು ಪ್ರೀತಿಸಿ ಎಂಬ ವಾಕ್ಯದ ಚೀಟಿ ಯಾರಾದರೂ ಅಚ್ಚುಹಾಕಿದ್ದು ನಾನಂತೂ ಕಂಡಿಲ್ಲ.

— ಸರಿ, ಚೀಟಿಯನ್ನು ಬದಿಗಿಡೋಣ. ಕ್ರಿಸ್ತನನ್ನು ಮಧ್ಯದಲ್ಲಿಟ್ಟುಕೊಂಡು ಓದು ಎಂದು ನೀವೂ ಹೇಳುತ್ತೀರಿ, ಸಭಾಪಾಲಕರೂ ಹೇಳುತ್ತಾರೆ. ನನಗೆ ಅರ್ಥವಾಗಿರುವುದು ಇಷ್ಟು: ಪ್ರತಿ ಅಧ್ಯಾಯದಲ್ಲೂ ಯೇಸುವನ್ನು ಹುಡುಕಬೇಕು. ಯೆಹೋಶುವನ ಗ್ರಂಥದಲ್ಲಿ ರಾಹಾಬಳು ಕಿಟಕಿಗೆ ಕೆಂಪು ದಾರ ಕಟ್ಟುತ್ತಾಳೆ. ಅದು ಯೇಸುವಿನ ರಕ್ತ. ನೋಟ್‌ಬುಕ್ಕಿನಲ್ಲಿ ಹೀಗೆ ಒಂದು ಪಟ್ಟಿಯೇ ಇದೆ.

— ನಿನಗಿಂತ ಮುಂಚೆ ಅದನ್ನು ಹೇಳಿದವರಿದ್ದಾರೆ. ಮೊದಲನೇ ಶತಮಾನ ಮುಗಿಯುವ ಹೊತ್ತಿಗೆ ರೋಮಿನ ಸಭೆಯಿಂದ ಕೊರಿಂಥಕ್ಕೆ ಹೋದ ಒಂದು ಪತ್ರ ಇದೆ, ಕ್ಲೆಮೆಂಟನ ಪತ್ರ ಅನ್ನುತ್ತಾರೆ. ರಾಹಾಬಳ ದಾರ ಅದರಲ್ಲೇ ಬರುತ್ತದೆ. ಅದಾದರೂ ಪರವಾಗಿಲ್ಲ. ಬಾರ್ನಬನ ಪತ್ರಿಕೆ ಎಂಬ ಇನ್ನೊಂದು ಹಳೇ ಬರಹ ಇದೆ. ಅಬ್ರಹಾಮನ ಮನೆಯಲ್ಲಿ 318 ಆಳುಗಳಿದ್ದರಲ್ಲ? ಗ್ರೀಕರು ಅಂಕಿಗಳನ್ನೂ ಅಕ್ಷರಗಳಲ್ಲೇ ಬರೆಯುತ್ತಿದ್ದರು. ಹದಿನೆಂಟು ಅಂದರೆ ಅಯೋಟ, ಈಟ. ಯೇಸು ಎಂಬ ಹೆಸರಿನ ಮೊದಲ ಎರಡು ಅಕ್ಷರ. ಮುನ್ನೂರು ಅಂದರೆ ಟಾವ್, ಅದರ ಆಕಾರ ಶಿಲುಬೆ. ಹೀಗಾಗಿ ಅಬ್ರಹಾಮನ ಆಳುಗಳ ಲೆಕ್ಕದಲ್ಲೇ ಯೇಸುವೂ ಇದ್ದಾನೆ, ಶಿಲುಬೆಯೂ ಇದೆ. ಇದಕ್ಕಿಂತ ನಿಜವಾದ ಪಾಠ ತನ್ನಿಂದ ಯಾರೂ ಕಲಿತಿಲ್ಲ ಅಂತ ಬರೆದವನಿಗೆ ಹೆಮ್ಮೆ ಬೇರೆ!

— ಅಬ್ಬಾ, ಕೇಳಲಿಕ್ಕೆ ಚೆನ್ನಾಗಿದೆ.

— ಚೆನ್ನಾಗಿದೆ, ನಿಜ. ಆದರೆ ಆದಿಕಾಂಡ ಹೀಬ್ರೂ ಪುಸ್ತಕ. ಅಲ್ಲಿ ಗ್ರೀಕ್ ಅಕ್ಷರಕ್ಕೇನು ಕೆಲಸ? ಆ ಲೆಕ್ಕ ಓದಿದ ಮೇಲೆ ನಮಗೆ ಅಬ್ರಹಾಮನ ಬಗ್ಗೆ ಏನೂ ಹೊಸದು ತಿಳಿಯುವುದಿಲ್ಲ, ಯೇಸುವಿನ ಬಗ್ಗೆಯೂ ತಿಳಿಯುವುದಿಲ್ಲ. ಬರೆದವನು ಜಾಣ ಎಂಬುದಷ್ಟೇ ತಿಳಿಯುತ್ತದೆ. ಹೆಸರಿಗೆ ಕ್ರಿಸ್ತ ಮಧ್ಯದಲ್ಲಿ. ನಿಜವಾಗಿ ಅಲ್ಲಿ ಕೂತಿರುವುದು ಓದುವವನ ಜಾಣತನ. ನಿನ್ನ ದಾರದ ಕಥೆಗೂ ಅದೇ ಅಪಾಯ. ದಾರ ನೋಡುವ ಭರದಲ್ಲಿ ರಾಹಾಬಳನ್ನೇ ಬಿಟ್ಟುಬಿಡುತ್ತೇವೆ. ಮತ್ತಾಯ ಬಿಡಲಿಲ್ಲ. ಮೊದಲ ಅಧ್ಯಾಯದ ವಂಶಾವಳಿಯಲ್ಲಿ ಅವಳ ಹೆಸರನ್ನೇ ಬರೆದ. ಯೆರಿಕೋವಿನ ಸೂಳೆ ಯೇಸುವಿನ ಮುತ್ತಜ್ಜಿಯರ ಸಾಲಿನಲ್ಲಿದ್ದಾಳೆ. ಇದಕ್ಕಿಂತ ದೊಡ್ಡ ಸುವಾರ್ತೆ ದಾರದಲ್ಲಿ ಏನಿದೆ?

— ಆದರೆ ಮತ್ತಾಯನೂ ಹಾಗೆಯೇ ಓದುತ್ತಾನಲ್ಲ! ಐಗುಪ್ತದಿಂದ ಮಗನನ್ನು ಕರೆದೆ ಎಂದು ಹೋಶೇಯ ಬರೆದದ್ದು ನಡೆದುಹೋದ ಕಥೆ, ಇಸ್ರಾಯೇಲಿನ ಬಿಡುಗಡೆಯ ನೆನಪು. ಅದು ಭವಿಷ್ಯವಾಣಿಯೇ ಅಲ್ಲ. ಮತ್ತಾಯ ಅದನ್ನು ಕೂಸು ಯೇಸು ಐಗುಪ್ತಕ್ಕೆ ಹೋಗಿ ಬಂದದ್ದಕ್ಕೆ ಹಚ್ಚಿಬಿಟ್ಟ. ಅವನು ಮಾಡಿದರೆ ಸರಿ, ಬಾರ್ನಬ ಮಾಡಿದರೆ ತಪ್ಪೇ?

— ಭೇಷ್. ಈ ಪ್ರಶ್ನೆಯನ್ನು ಸುಲಭಕ್ಕೆ ಬಿಡಬಾರದು. ಮತ್ತಾಯ ಒಂದು ಪದ ಹಿಡಿದು ಆಟ ಆಡುತ್ತಿಲ್ಲ. ಎರಡನೇ ಅಧ್ಯಾಯದಿಂದ ನಾಲ್ಕನೆಯದರವರೆಗೆ ಒಂದೇ ಉಸಿರಿಗೆ ಓದು. ಐಗುಪ್ತದಿಂದ ಹೊರಗೆ ಬರುವುದು, ನೀರಿಗೆ ಇಳಿದು ಏಳುವುದು, ಆಮೇಲೆ ಅಡವಿಯಲ್ಲಿ ನಲವತ್ತು ದಿನ. ಇಸ್ರಾಯೇಲು ಐಗುಪ್ತ ಬಿಟ್ಟು, ಸಮುದ್ರ ದಾಟಿ, ನಲವತ್ತು ವರ್ಷ ಅಡವಿಯಲ್ಲಿ ಅಲೆದ ಕಥೆಯನ್ನು ಒಬ್ಬ ಮನುಷ್ಯ ಮತ್ತೆ ಮೊದಲಿನಿಂದ ನಡೆಯುತ್ತಿದ್ದಾನೆ. ಅವರು ಎಡವಿದ ಕಡೆ ಆತ ಎಡವುವುದಿಲ್ಲ. ಅಡವಿಯಲ್ಲಿ ಸೈತಾನನಿಗೆ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ ಆರು, ಎಂಟನೇ ಅಧ್ಯಾಯಗಳವು. ಅಂದರೆ ಇಸ್ರಾಯೇಲು ಅಡವಿಯಲ್ಲಿ ಕಲಿಯಬೇಕಾಗಿದ್ದ ಪಾಠಗಳೇ. ಹೋಶೇಯನ ಮಾತು ಮತ್ತಾಯನಿಗೆ ಆ ಇಡೀ ಕಥೆಯೊಳಗೆ ಹೋಗುವ ಬಾಗಿಲು. 318ರ ಹಿಂದೆ ಅಂಥ ಕಥೆ ಯಾವುದಿದೆ?

— ಸೈತಾನನೂ ವಾಕ್ಯ ಹೇಳುತ್ತಾನೆ ಅಲ್ಲಿ.

— 91ನೇ ಕೀರ್ತನೆ! ನಮ್ಮವರ ಎಷ್ಟು ಮನೆಗಳಲ್ಲಿ ಬಾಗಿಲ ಮೇಲೆ ಫ್ರೇಮು ಹಾಕಿ ತೂಗುಬಿಟ್ಟಿದ್ದಾರೆ. ನಾನೂ ಅದನ್ನು ಪ್ರೀತಿಯಿಂದ ಓದುತ್ತೇನೆ. ಆದರೆ ಆ ಕಥೆಯಲ್ಲಿ ಅದನ್ನು ಓದುವವನು ಸೈತಾನ. ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ, ಹಾರು ಅನ್ನುತ್ತಾನೆ. ವಾಕ್ಯವೇನೂ ತಪ್ಪಲ್ಲ. ದೇವರನ್ನು ನನ್ನ ಕೆಲಸಕ್ಕೆ ಹಚ್ಚುವುದು ಹೇಗೆ ಅಂತ ಕೇಳಿಕೊಂಡು ಓದಿದರೆ ಸತ್ಯವೇದದ ಯಾವ ಪುಟವಾದರೂ ಆ ಪ್ರಶ್ನೆಗೆ ಬಗ್ಗುತ್ತದೆ. ಯೇಸು ಆ ಕೀರ್ತನೆಯನ್ನು ಸುಳ್ಳೆನ್ನುವುದಿಲ್ಲ. ಹಾಗೆ ಓದಲು ಮಾತ್ರ ಒಪ್ಪುವುದಿಲ್ಲ. ನಾನು ಆ ಅಧ್ಯಾಯಕ್ಕೆ ಮತ್ತೆ ಮತ್ತೆ ಹೋಗುವುದು ಇದಕ್ಕೇ. ಕ್ರಿಸ್ತ ಬರೀ ಓದಿನ ವಿಷಯ ಅಲ್ಲ, ಓದುವುದನ್ನು ಕಲಿಸಿದವನು ಕೂಡ.

— ದಾವೀದ ಮತ್ತು ಗೊಲ್ಯಾತ…

— ಅದು ಬೇಡ, ಈಗ ಎಲ್ಲರೂ ಹೇಳುತ್ತಾರೆ. ದಾವೀದ ನಾನಲ್ಲ, ಹಿಂದೆ ನಿಂತು ನಡುಗುವ ಸೈನಿಕ ನಾನು ಅಂತ. ಸರಿಯೇ. ಮುಂದೆ ಹೋಗೋಣ.

— ಹಾಗಾದರೆ ಯಾಜಕಕಾಂಡಕ್ಕೆ ಬನ್ನಿ. ಒಂದೇ ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಪಟ್ಟಿ ಹಿಡಿದವರೆಲ್ಲ ಜಾರಿ ಬೀಳುವುದು ಅಲ್ಲೇ. ಹದಿಮೂರನೇ ಅಧ್ಯಾಯ: ಚರ್ಮದ ಮೇಲಿನ ಮಚ್ಚೆ, ಕೂದಲಿನ ಬಣ್ಣ, ಏಳು ದಿನ ಬೇರೆ ಇಡುವುದು. ಬಸ್ಸಿನಲ್ಲಿ ಕೂತು ಓದಿದರೆ ನಿದ್ದೆಯೇ ಗತಿ.

— ಆ ಪಟ್ಟಿಗಳಲ್ಲಿ ಹೆಸರುವಾಸಿಯಾದ ಒಂದನ್ನು ಮಾಡಿದವನು ಸ್ಕಾಟ್ಲೆಂಡಿನ ಡಂಡೀ ಊರಿನ ಪಾದ್ರಿ ರಾಬರ್ಟ್ ಮರ್ರೆ ಮಕ್‌ಚೇಯ್ನ್. 1842ರಲ್ಲಿ ತನ್ನ ಸಭೆಗಾಗಿ ಬರೆದದ್ದು. ದಿನಕ್ಕೆ ನಾಲ್ಕು ಅಧ್ಯಾಯ. ವರ್ಷಕ್ಕೆ ಹಳೇ ಒಡಂಬಡಿಕೆ ಒಂದು ಸಲ, ಹೊಸದೂ ಕೀರ್ತನೆಗಳೂ ಎರಡು ಸಲ. ನನಗೆ ಇಷ್ಟ ಏನೆಂದರೆ, ಪಟ್ಟಿ ಕೊಡುವ ಮುಂಚೆಯೇ ಅವನು ಅದರ ಅಪಾಯಗಳನ್ನು ಬರೆದ. ಬರೀ ಶಾಸ್ತ್ರಕ್ಕೆ ಓದುವುದು, ಇವತ್ತಿನ ಪಾಲು ಮುಗಿಸಿದೆ ಎಂದು ಬೀಗುವುದು, ಗಮನವಿಲ್ಲದೆ ಓಡಿಸುವುದು, ಕೆಲವರಿಗೆ ಅದೇ ಹೊರಲಾರದ ನೊಗವಾಗುವುದು. ಮರುವರ್ಷ ತೀರಿಕೊಂಡ, ಇನ್ನೂ ಇಪ್ಪತ್ತೊಂಬತ್ತು. ಇರಲಿ. ನಿನ್ನ ಹದಿಮೂರನೇ ಅಧ್ಯಾಯವನ್ನು ಹಾರಿಸಬೇಡ. ಕುಷ್ಠ ಹತ್ತಿದವನು ಏನು ಮಾಡಬೇಕು ಅಂತ ಇದೆ ಅಲ್ಲಿ?

— ಬಟ್ಟೆ ಹರಿದುಕೊಳ್ಳಬೇಕು, ಅಶುದ್ಧ ಅಶುದ್ಧ ಅಂತ ಕೂಗಬೇಕು, ಪಾಳೆಯದ ಹೊರಗೆ ಒಂಟಿಯಾಗಿ ಇರಬೇಕು.

— ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರ್ಕನ ಮೊದಲ ಅಧ್ಯಾಯದ ಕೊನೆಗೆ ಬಾ. ಒಬ್ಬ ಕುಷ್ಠರೋಗಿ ಬಂದು ಮೊಣಕಾಲೂರುತ್ತಾನೆ. ಯೇಸು ಕೈಚಾಚಿ ಮುಟ್ಟುತ್ತಾನೆ. ಯಾಜಕಕಾಂಡ ಓದದವನಿಗೆ ಅದು ಬರೀ ಒಂದು ಸನ್ನೆ. ಓದಿದವನ ಎದೆ ಧಸಕ್ ಅನ್ನುತ್ತದೆ. ಮಾತೊಂದರಿಂದಲೇ ಗುಣಮಾಡಬಹುದಿತ್ತು, ಮುಟ್ಟಿದ್ದೇಕೆ? ಮುಟ್ಟಿದ ಮೇಲೂ ಮೋಶೆಯ ನಿಯಮವನ್ನು ಗಾಳಿಗೆ ತೂರುವುದಿಲ್ಲ. ಹೋಗಿ ಯಾಜಕನಿಗೆ ತೋರಿಸಿಕೊಂಡು ಕಾಣಿಕೆ ಕೊಡು ಅನ್ನುತ್ತಾನೆ. ಯಾರಿಗೂ ಹೇಳಬೇಡ ಅಂತ ಖಡಾಖಂಡಿತ ಹೇಳಿದರೂ ಆ ಮನುಷ್ಯ ಊರೆಲ್ಲ ಸಾರುತ್ತಾನೆ. ಕೊನೆಯ ವಾಕ್ಯ ಏನು?

— ಜನ ಮುತ್ತಿದ್ದರಿಂದ ಯೇಸು ಊರೊಳಗೆ ಬಹಿರಂಗವಾಗಿ ಹೋಗಲಾಗದೆ… ಹೊರಗೆ ನಿರ್ಜನವಾದ ಕಡೆ ಇದ್ದ. ಓ.

— ಹ್ಞಾ. ಹೊರಗಿದ್ದವನು ಈಗ ಊರೊಳಗೆ, ಒಳಗಿದ್ದವನು ಹೊರಗೆ. ಮಾರ್ಕ ಒಂದು ಮಾತಿನ ವಿವರಣೆಯನ್ನೂ ಕೊಡುವುದಿಲ್ಲ. ಆತ ಪಟ್ಟಣದ ಬಾಗಿಲಿನ ಹೊರಗೆ ಸತ್ತದ್ದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ ಹದಿಮೂರನೇ ಅಧ್ಯಾಯ ನೆನೆಯುತ್ತದೆ. ಮಾರ್ಕನ ಮೊದಲ ಅಧ್ಯಾಯದಲ್ಲೇ ಆ ದಾರಿ ಶುರುವಾಗಿದೆ. ಇಲ್ಲಿ ಯಾವ ಸಂಕೇತವನ್ನೂ ಬಿಡಿಸಬೇಕಾಗಿಲ್ಲ. ಮಚ್ಚೆ ಮಚ್ಚೆಯೇ, ಯಾಜಕ ಯಾಜಕನೇ. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ತಾಳ್ಮೆಯಿಂದ ಓದಿದರೆ ಸಾಕು.

— ಈಗ ನನ್ನ ನಿಜವಾದ ತಕರಾರು ಹೇಳಲಾ? ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಕೇಳಿದಳು: ಹಳೇ ಒಡಂಬಡಿಕೆ ಯೆಹೂದ್ಯರ ಗ್ರಂಥ ತಾನೆ? ಅವರ ಮನೆಗೆ ಹೋಗಿ ಪ್ರತಿ ಗೋಡೆಯ ಮೇಲೂ ನಿಮ್ಮ ದೇವರ ಚಿತ್ರ ಬಿಡಿಸಿ ಬರುತ್ತೀರಲ್ಲ, ಇದು ನ್ಯಾಯವೇ? ನನಗೆ ಉತ್ತರ ಹೊಳೆಯಲಿಲ್ಲ.

— ಥಟ್ಟನೆ ಹೊಳೆಯಬಾರದ ಪ್ರಶ್ನೆ ಅದು. ಎರಡು ಸಾವಿರ ವರ್ಷಗಳಿಂದ ಸಭೆ ಅದಕ್ಕೆ ಕೆಟ್ಟ ಉತ್ತರಗಳನ್ನೇ ಕೊಟ್ಟಿದೆ. ಒಂದು, ಎರಡನೇ ಶತಮಾನದ ಮಾರ್ಕಿಯೋನ ಎಂಬವನದು. ಹಳೇ ಒಡಂಬಡಿಕೆಯ ದೇವರೇ ಬೇರೆ, ನಮಗೆ ಆ ಪುಸ್ತಕ ಬೇಡ ಅಂದ. ಲೂಕನ ಸುವಾರ್ತೆಯನ್ನು ಕತ್ತರಿಸಿ, ಪೌಲನ ಹತ್ತು ಪತ್ರಿಕೆಗಳನ್ನು ಸೇರಿಸಿ ತನ್ನದೇ ವೇದ ಮಾಡಿಕೊಂಡ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಅವನೂ ತಾನು ಕ್ರಿಸ್ತನನ್ನೇ ಮಧ್ಯದಲ್ಲಿಟ್ಟಿದ್ದೇನೆ ಅಂದುಕೊಂಡಿದ್ದವನೇ. ಸುತ್ತ ಇದ್ದದ್ದನ್ನೆಲ್ಲ ಕೆಡವಿ ಮಧ್ಯ ಮಾತ್ರ ಉಳಿಸಿಕೊಂಡರೆ ಅದು ಯಾವುದರ ಮಧ್ಯ? 1933ರ ನವೆಂಬರ್ 13ರಂದು ಬರ್ಲಿನ್ನಿನ ಕ್ರೀಡಾಭವನದಲ್ಲಿ ಹಿಟ್ಲರನ ಪರವಾಗಿದ್ದ 'ಜರ್ಮನ್ ಕ್ರೈಸ್ತರು' ಸುಮಾರು 20,000 ಮಂದಿ ಸೇರಿದ್ದ ಸಭೆಯಲ್ಲಿ ರೈನ್‌ಹೋಲ್ಡ್ ಕ್ರೌಸ ಎಂಬವನು ಅದನ್ನೇ ಮತ್ತೆ ಕೇಳಿದ. ಹಳೇ ಒಡಂಬಡಿಕೆಯಿಂದ ನಮಗೆ ಬಿಡುಗಡೆ ಬೇಕು ಅಂತ.

— ಇನ್ನೊಂದು ಕೆಟ್ಟ ಉತ್ತರ?

— ಅದು ಇನ್ನೂ ನೋವಿನದು, ಏಕೆಂದರೆ ಹೇಳಿದವನು ನಮ್ಮವನೇ. ಲೂಥರ್. ಹಳೇ ಒಡಂಬಡಿಕೆಯ ಪುಟಪುಟದಲ್ಲೂ ಕ್ರಿಸ್ತನನ್ನು ಕಂಡವನು. ಅದನ್ನು ಅವನಷ್ಟು ಪ್ರೀತಿಸಿದವರು ಕಡಿಮೆ. ಆ ಲೂಥರನೇ 1543ರಲ್ಲಿ ಯೆಹೂದ್ಯರ ವಿರುದ್ಧ ಒಂದು ಪುಸ್ತಕ ಬರೆದ. ಮೆಸ್ಸೀಯನ ಬಗ್ಗೆ ಇರುವ ವಾಕ್ಯಗಳನ್ನು ಒಂದೊಂದಾಗಿ ಎತ್ತಿಕೊಂಡು ವಾದ ಮಾಡಿ, ಇಷ್ಟಾದರೂ ಇವರು ಒಪ್ಪುವುದಿಲ್ಲ ಎಂದು ಸಿಟ್ಟಾಗಿ, ಕೊನೆಗೆ ಅವರ ಸಭಾಮಂದಿರಗಳನ್ನು ಸುಡಿ ಎಂದು ದೊರೆಗಳಿಗೆ ಸಲಹೆ ಕೊಟ್ಟ. ಕ್ರಿಸ್ತ ಕೇಂದ್ರ ಎಂಬ ಮಾತು ಹೇಳಿದ ಮಾತ್ರಕ್ಕೆ ಯಾರೂ ಕ್ಷೇಮ ಅಲ್ಲ. ಆ ಹೆಸರನ್ನು ಕೋಲು ಮಾಡಿಕೊಳ್ಳುವುದು ಬಹಳ ಸುಲಭ. ನಮ್ಮ ಸಭೆಗಳೊಳಗೇ ಒಬ್ಬರು ಇನ್ನೊಬ್ಬರಿಗೆ ಹೊಡೆಯುವುದಕ್ಕೆ ಅದನ್ನು ಎತ್ತುವುದಿಲ್ಲವೇ?

— ಹಾಗಾದರೆ ಬಿಟ್ಟುಬಿಡೋಣವೇ ಆ ಮಾತನ್ನು?

— ಬೇಡ, ಕೇಳು. 1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ಸಭಾಮಂದಿರಗಳು ನಿಜವಾಗಿಯೇ ಉರಿದವು. ಬಾನ್‌ಹೋಫರ್ ಪ್ರಾರ್ಥನೆಗೆ ಬಳಸುತ್ತಿದ್ದ ಸತ್ಯವೇದ ಈಗಲೂ ಉಳಿದಿದೆ. 74ನೇ ಕೀರ್ತನೆಯಲ್ಲಿ, ವೈರಿಗಳು ದೇಶದ ದೇವಮಂದಿರಗಳನ್ನೆಲ್ಲ ಸುಟ್ಟರು ಎಂಬ ಅರ್ಥದ ಎಂಟನೇ ವಾಕ್ಯದ ಪಕ್ಕದಲ್ಲಿ ಅವನು ಒಂದು ತಾರೀಖು ಬರೆದಿದ್ದಾನೆ. 9.11.38. ಇದೂ ಕ್ರಿಸ್ತನನ್ನು ಮಧ್ಯದಲ್ಲಿಟ್ಟುಕೊಂಡು ಓದಿದವನ ಓದೇ. 1940ರಲ್ಲಿ ಅವನು ಕೀರ್ತನೆಗಳ ಮೇಲೆ ಒಂದು ಪುಟ್ಟ ಪುಸ್ತಕ ತಂದ. ಯೇಸು ಈ ಪ್ರಾರ್ಥನೆಗಳನ್ನು ಮಾಡಿದವನು, ನಾವು ಆತನ ಜೊತೆ ಸೇರಿಕೊಂಡು ಮಾಡುತ್ತೇವೆ ಎಂಬುದು ಅದರ ತಿರುಳು. ಈಗ ಯೋಚಿಸು. ಕೀರ್ತನೆಯನ್ನು ಯೇಸುವಿನ ಜೊತೆ ಪ್ರಾರ್ಥಿಸಬೇಕಾದರೆ ಯಾರ ಜೊತೆ ಕೂತಹಾಗಾಯಿತು? ನಜರೇತಿನ ಒಬ್ಬ ಯೆಹೂದ್ಯನ ಜೊತೆ. ಪ್ರತಿ ಸಬ್ಬತ್ತಿಗೆ ಸಭಾಮಂದಿರಕ್ಕೆ ಹೋಗುತ್ತಿದ್ದವನ ಜೊತೆ. ಆ ಮಂದಿರ ಉರಿದರೆ ಅದು ಬೇರೆಯವರ ಮನೆ ಹೇಗಾದೀತು? ನಿನ್ನ ಗೆಳತಿಗೆ ನಾನಾದರೆ ಹೀಗೆ ಹೇಳುತ್ತೇನೆ: ಅದು ನಮ್ಮ ಮನೆ ಅಲ್ಲ ಎಂಬುದು ನಿಜ, ಆತನ ಮನೆ. ನಾವು ಆತನ ಕೈಹಿಡಿದು ಒಳಗೆ ಬಂದ ಅತಿಥಿಗಳು. ಗೋಡೆಗೆ ಬಣ್ಣ ಬಳಿಯುವ ಅಧಿಕಾರ ಅತಿಥಿಗಿಲ್ಲ.

— ಒಪ್ಪುತ್ತಾಳೋ ಇಲ್ಲವೋ.

— ಒಪ್ಪಬೇಕೆಂದೇನಿಲ್ಲ.

— ದಿನದ ಓದಿಗೆ ಬರೋಣ. ನೀವು ಒಂದು ಕಡೆ ಮಾರ್ಕ, ಒಂದು ಕಡೆ ಯಾಜಕಕಾಂಡ ಇಟ್ಟುಕೊಂಡು ಕೂರುತ್ತೀರಿ. ನನಗೆ ಸಿಗುವುದು ಬಸ್ಸಿನ ಹೊತ್ತು. ಆ್ಯಪಿನಲ್ಲಿ ಇವತ್ತಿನ ಭಾಗಕ್ಕೆ ಟಿಕ್ ಹಾಕಿದರೆ ಹಸಿರು ಗುರುತು ಬರುತ್ತದೆ. ಸತ್ಯ ಹೇಳುತ್ತೇನೆ, ಆ ಹಸಿರು ಗುರುತೇ ಒಂದು ಖುಷಿ.

— ಯೋಹಾನನ ಐದನೇ ಅಧ್ಯಾಯದಲ್ಲಿ ಯೇಸು ಎದುರಿಗಿದ್ದವರಿಗೆ ಹೇಳುವುದು ಇದನ್ನೇ. ನೀವು ಗ್ರಂಥಗಳನ್ನು ಅಷ್ಟೊಂದು ಶೋಧಿಸುತ್ತೀರಿ, ಅವು ನನ್ನ ಬಗ್ಗೆಯೇ ಸಾಕ್ಷಿ ಹೇಳುತ್ತವೆ, ಆದರೂ ನನ್ನ ಹತ್ತಿರ ಬರಲೊಲ್ಲಿರಿ ಅಂತ. ಅವರು ಸೋಮಾರಿಗಳಲ್ಲ, ನಮ್ಮಿಬ್ಬರಿಗಿಂತ ಹೆಚ್ಚು ಓದಿದವರು. ತಾಮ್ರದ ಸರ್ಪ ನೆನಪಿದೆಯಾ? ಅರಣ್ಯಕಾಂಡದಲ್ಲಿ ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ತನ್ನನ್ನೂ ಹಾಗೆಯೇ ಎತ್ತಬೇಕು ಅಂತ ಯೇಸು ನಿಕೊದೇಮನಿಗೆ ಹೇಳಿದ. ಈ ಎರಡನ್ನೂ ಎಲ್ಲರೂ ಬಲ್ಲರು. ನಡುವಿನದು ಎರಡನೆಯ ಅರಸುಗಳ ಹದಿನೆಂಟನೇ ಅಧ್ಯಾಯದಲ್ಲಿದೆ: ಜನ ಆ ಸರ್ಪವನ್ನು ಜೋಪಾನ ಮಾಡಿಟ್ಟುಕೊಂಡು, ಹೆಸರಿಟ್ಟು, ಧೂಪ ಹಾಕುತ್ತಿದ್ದರು. ಹಿಜ್ಕೀಯ ಅರಸ ಅದನ್ನು ಒಡೆದು ಚೂರು ಮಾಡಿದ. ದೇವರೇ ಮಾಡಿಸಿದ ವಸ್ತು, ಜೀವ ಉಳಿಸಿದ ವಸ್ತು, ಕ್ರಿಸ್ತನನ್ನು ತೋರಿಸುವ ವಸ್ತು. ಅದೇ ವಿಗ್ರಹವಾಯಿತು. ನನ್ನ ಪೆನ್ಸಿಲ್ ಗುರುತುಗಳನ್ನು ಯಾರಾದರೂ ಮೆಚ್ಚಿಕೊಂಡಾಗ ಧೂಪದ ವಾಸನೆ ಬರುತ್ತದೆ ನನಗೆ.

— ಅದಕ್ಕೆ ಮದ್ದು ಏನು?

— ಮದ್ದು ಗೊತ್ತಿಲ್ಲ, ಒಂದು ಅಭ್ಯಾಸ ಹೇಳಬಲ್ಲೆ. 1935ರಿಂದ 37ರವರೆಗೆ ಫಿಂಕನ್‌ವಾಲ್ಡ ಎಂಬಲ್ಲಿ ಬಾನ್‌ಹೋಫರ್ ಪಾದ್ರಿಗಳಾಗುವವರಿಗೆ ಪಾಠಶಾಲೆ ನಡೆಸುತ್ತಿದ್ದ. ಆಮೇಲೆ ಗೆಸ್ಟಾಪೊ ಬಂದು ಬೀಗ ಹಾಕಿತು. ಅಲ್ಲಿ ಬೆಳಗಿನ ನಿಯಮ: ವಾರವಿಡೀ ಒಂದೇ ಚಿಕ್ಕ ಭಾಗ, ದಿನಕ್ಕೆ ಅರ್ಧ ಗಂಟೆ ಅದರ ಮುಂದೆ ಸುಮ್ಮನೆ ಕೂರಬೇಕು. ಪ್ರಸಂಗಕ್ಕೆ ವಿಷಯ ಹುಡುಕುವಂತಿಲ್ಲ, ವ್ಯಾಖ್ಯಾನ ತೆರೆಯುವಂತಿಲ್ಲ. ವಿದ್ಯಾರ್ಥಿಗಳಿಗೆ ಬೇಸರವೋ ಬೇಸರ. ಏನು ಮಾಡಬೇಕೆಂದೇ ತಿಳಿಯದು ಅಂತ ಗೊಣಗಿದರು. ನನಗೆ ಆ ಗೊಣಗಾಟವೇ ಇಷ್ಟ. ಏನೂ ಗಿಟ್ಟದ ಕಡೆಯೂ ಎದ್ದುಹೋಗದೆ ಕೂತಿರುವುದು ಎದುರಿಗೆ ಒಬ್ಬ ವ್ಯಕ್ತಿ ಇದ್ದಾಗ ಮಾತ್ರ. ಬಸ್ಸಿನಲ್ಲೂ ಒಂದು ವಾರಕ್ಕೆ ಒಂದು ಭಾಗ ಆದೀತು. ಹಸಿರು ಗುರುತು ಬರುವುದಿಲ್ಲ, ಅಷ್ಟೇ.

— ನ್ಯಾಯಸ್ಥಾಪಕರು ಹತ್ತೊಂಬತ್ತನೇ ಅಧ್ಯಾಯವನ್ನು ಇಟ್ಟುಕೊಂಡು ಒಂದು ವಾರ ಕೂರಲಾ?

— …ಅದನ್ನೇಕೆ ಎತ್ತಿದೆ?

— ಎತ್ತದೆ ಹೇಗೆ? ಲೇವಿಯನೊಬ್ಬ ಬೇತ್ಲೆಹೇಮಿನ ತನ್ನ ಉಪಪತ್ನಿಯನ್ನು ಕರೆದುಕೊಂಡು ಹೋಗುತ್ತಾ ಗಿಬೆಯದಲ್ಲಿ ರಾತ್ರಿ ತಂಗುತ್ತಾನೆ. ಊರಿನ ಗಂಡಸರು ಮನೆ ಮುತ್ತಿದಾಗ ತಾನು ಬದುಕಲು ಅವಳನ್ನು ಹಿಡಿದು ಹೊರಗೆ ತಳ್ಳುತ್ತಾನೆ. ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಕೈಯಿಟ್ಟು ಬಿದ್ದಿದ್ದಾಳೆ. ಏಳು, ಹೋಗೋಣ ಅನ್ನುತ್ತಾನೆ. ಆಮೇಲೆ ದೇಹವನ್ನು ಹನ್ನೆರಡು ತುಂಡು ಮಾಡಿ ದೇಶಕ್ಕೆಲ್ಲ ಕಳಿಸುತ್ತಾನೆ. ಎಲ್ಲಿದ್ದಾನೆ ಕ್ರಿಸ್ತ ಇಲ್ಲಿ?

— ನಾನು ಅದನ್ನು ಯೋಹಾನನ ಹದಿನೆಂಟನೇ ಅಧ್ಯಾಯದ ಜೊತೆ ಓದುತ್ತೇನೆ. ಅಲ್ಲೂ ರಾತ್ರಿ, ಅಲ್ಲೂ ಗಂಡಸರ ಗುಂಪು ಆಯುಧ ಹಿಡಿದು ಬಂದಿದೆ. ಯೇಸು ತಾನೇ ಮುಂದೆ ಬಂದು, ನಿಮಗೆ ಬೇಕಾದವನು ನಾನು, ಇವರನ್ನು ಬಿಡಿ ಅನ್ನುತ್ತಾನೆ. ಲೇವಿಯನು ಹೆಂಡತಿಯನ್ನು ಹೊರಗೆ ತಳ್ಳಿ ಒಳಗೆ ಉಳಿದ. ಈತ ತನ್ನವರನ್ನು ಉಳಿಸಿ ತಾನೇ ಹೊರಗೆ ಹೋದ.

— ಚೆನ್ನಾಗಿದೆ ಅಕ್ಕ. ಬಹಳ ಚೆನ್ನಾಗಿದೆ, ಅದೇ ನನಗೆ ತೊಂದರೆ. ಮೂರು ವಾಕ್ಯಗಳಲ್ಲಿ ಗಿಬೆಯದಿಂದ ಗೆತ್ಸೇಮನೆಗೆ ಬಂದುಬಿಟ್ಟಿರಿ. ಅವಳು ಇನ್ನೂ ಹೊಸ್ತಿಲ ಮೇಲೇ ಇದ್ದಾಳೆ. ಇಡೀ ಅಧ್ಯಾಯದಲ್ಲಿ ಅವಳ ಬಾಯಿಂದ ಒಂದು ಮಾತಿಲ್ಲ, ಅವಳಿಗೆ ಹೆಸರಿಲ್ಲ. ನಾವೂ ಅವಳನ್ನು ದಾಟಿಕೊಂಡು ಶುಭ ಶುಕ್ರವಾರಕ್ಕೆ ಹೋದರೆ, ಏಳು ಹೋಗೋಣ ಎಂದ ಆ ಗಂಡನಿಗೂ ನಮಗೂ ಏನು ವ್ಯತ್ಯಾಸ? ಅಬ್ರಹಾಮನ 318 ಆಳುಗಳ ಹಾಗೆ ಇವಳೂ ಒಂದು ನೆಪ ಆಗಿಬಿಡುತ್ತಾಳೆ.

— ಹ್ಞೂಂ.

— ಕುಷ್ಠರೋಗಿಯ ಕಥೆ ಹೇಳುವಾಗ ನೀವು ಮಚ್ಚೆ ಮಚ್ಚೆಯೇ ಅಂದಿರಿ.

— ಅಂದೆ. ಯೋಹಾನನ ಮಾತನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ, ಆ ಎರಡು ರಾತ್ರಿಗಳು ಒಂದನ್ನೊಂದು ನೋಡುತ್ತಿವೆ ಎಂದೇ ನನ್ನ ನಂಬಿಕೆ. ಆದರೆ ಹೇಳುವ ಅವಸರ ಬೇಡ ಅಂದರೆ ಒಪ್ಪುತ್ತೇನೆ. ಆ ಅಧ್ಯಾಯದ ಕೊನೆಯ ವಾಕ್ಯ ಗಮನಿಸಿದ್ದೀಯಾ? ತುಂಡುಗಳನ್ನು ನೋಡಿದ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು: ಇದನ್ನು ಮನಸ್ಸಿಗೆ ತಂದುಕೊಳ್ಳಿ, ಕೂಡಿ ಆಲೋಚಿಸಿ, ಮಾತಾಡಿ ಅಂತ.

— ಅವರು ಮಾತಾಡಿ ಮಾಡಿದ್ದೇನು? ಯುದ್ಧ. ಆಮೇಲೆ ಇನ್ನೂ ನೂರಾರು ಹೆಣ್ಣುಗಳನ್ನು ಹಿಡಿದುಕೊಂಡು ಹೋದರು. ಇಪ್ಪತ್ತೊಂದನೇ ಅಧ್ಯಾಯ.

— ಗೊತ್ತು. ಅವರು ಅವಳ ಬಗ್ಗೆ ಮಾತಾಡಲೇ ಇಲ್ಲ, ತಮ್ಮ ಮಾನದ ಬಗ್ಗೆ ಮಾತಾಡಿದರು. ಗುರುವಾರದ ಸ್ತ್ರೀಯರ ಕೂಟದಲ್ಲಿ ಈ ಅಧ್ಯಾಯ ಓದಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ರೂತಳು ಆಗುತ್ತಾಳೆ, ಎಸ್ತೇರಳು ಆಗುತ್ತಾಳೆ, ಜ್ಞಾನೋಕ್ತಿಯ ಗುಣವಂತೆ ವರ್ಷಕ್ಕೆ ಎರಡು ಸಲ ಆಗುತ್ತಾಳೆ.

— ಈ ಗುರುವಾರ ಯಾರ ಸರದಿ?

— ನನ್ನದೇ. ರೂತಳು ಅಂತ ಆಗಲೇ ಹೇಳಿಬಿಟ್ಟಿದ್ದೇನೆ.

— ಬದಲಾಯಿಸಿ. ಓದುವುದು ನಾನು ಓದುತ್ತೇನೆ. ನೀವು ಯೋಹಾನನನ್ನು ಕೈಯಲ್ಲಿ ಹಿಡಿದುಕೊಂಡಿರಿ, ಆದರೆ ಅವರೆಲ್ಲ ಮಾತಾಡಿ ಮುಗಿಸುವವರೆಗೆ ತೆರೆಯಬೇಡಿ.

— ಯಾರೂ ಮಾತಾಡದಿದ್ದರೆ?

— ಆಗಲೂ ತೆರೆಯಬೇಡಿ. ಮುಂದಿನ ಗುರುವಾರಕ್ಕೂ ಅದೇ ಅಧ್ಯಾಯ ಇಟ್ಟುಕೊಳ್ಳೋಣ.